ಅಪ್ಪನ ಹೆಸರಿನ ವಿಡಿಯೊ ಖಾತೆ: ಕೈ ತಪ್ಪುವ ಮುನ್ನ ವರ್ಗಾಯಿಸಿಕೊಳ್ಳಿ



ಖಾತೆ ಎಂದೊಡನೆ ನಮ್ಮ ಕಡೆಯವರಿಗೆ ನೆನಪಾಗುವುದು ಜಮೀನಿನ ಖಾತೆ. ಆಮೇಲೆ ಸೊಸೈಟಿಯದು, ಬ್ಯಾಂಕಿನದು. ಇವುಗಳ ಕಾಗದಪತ್ರಗಳನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕುವ ಮನೆಗಳಲ್ಲೇ ಈಗ ಇನ್ನೊಂದು ಖಾತೆ ಸೇರಿಕೊಂಡಿದೆ. ಅದಕ್ಕೆ ಪಹಣಿಯಿಲ್ಲ, ಪಾಸ್‌ಬುಕ್ಕಿಲ್ಲ, ಸಾಕ್ಷಿಗಳ ರುಜುವೂ ಇಲ್ಲ. ಅದು ಯೂಟ್ಯೂಬಿನ ವಿಡಿಯೊ ಖಾತೆ. ಜನರ ಬಾಯಲ್ಲಿ ಅದಕ್ಕೆ ‘ಚಾನೆಲ್’ ಎಂದು ಹೆಸರು.

2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಇಂಟರ್‌ನೆಟ್ ಅಗ್ಗವಾದ ಮೇಲೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಹಳ್ಳಿಗಳಲ್ಲೂ ಇಂಥ ಚಾನೆಲ್‌ಗಳು ಹುಟ್ಟಿಕೊಂಡವು. ಚಾಕಿ ಹುಳುವಿಗೆ ಸೊಪ್ಪು ಕತ್ತರಿಸುವ ಬಗೆ, ಚಂದ್ರಿಕೆಗೆ ಹುಳು ಬಿಡುವ ಹದ, ಊಜಿ ನೊಣಕ್ಕೆ ಬಲೆ ಕಟ್ಟುವ ಕ್ರಮ, ಮಾವಿನ ಕಸಿ, ಅವರೆ ಬೆಳೆ, ತಿರುಗಣಿಯ ಮೇಲೆ ಆಲೆ ಮರದ ತುಂಡಿಗೆ ಅರಗು ಹಿಡಿಸುವ ಚನ್ನಪಟ್ಟಣದ ಕೈಕಸುಬು, ಊರಹಬ್ಬದ ಪೂಜಾ ಕುಣಿತ, ತಮಟೆ, ದನದ ಜಾತ್ರೆ ಎಲ್ಲವೂ ಅಲ್ಲಿವೆ. ಕೆಲವರು ಗಿಡ ಮಾರಲು, ಕೆಲವರು ಮೇಳಕ್ಕೆ ಕರೆ ಬರಲೆಂದು, ಹಲವರು ಸುಮ್ಮನೆ ಆಸೆಗೆ ಹಾಕಿದರು.

ಹಾಕುವಾಗ ಖಾತೆ ಯಾರ ಹೆಸರಿನಲ್ಲಿದೆ ಎಂದು ಯಾರೂ ಕೇಳಲಿಲ್ಲ. ಬೆಂಗಳೂರಿನಲ್ಲಿ ಓದುತ್ತಿದ್ದ ಮಗ ಯುಗಾದಿಗೆ ಬಂದಾಗ ತೆರೆದುಕೊಟ್ಟ. ಇಲ್ಲವೇ ಪೇಟೆಯ ಮೊಬೈಲ್ ಅಂಗಡಿಯ ಹುಡುಗ ಹೊಸ ಫೋನ್ ಮಾರುವಾಗ ತನಗೆ ತೋಚಿದ ಮೇಲ್ ವಿಳಾಸ, ತನಗೆ ತೋಚಿದ ಪಾಸ್‌ವರ್ಡ್ ಹಾಕಿ ಕೊಟ್ಟ. ಪಾಸ್‌ವರ್ಡನ್ನು ಯಾರೂ ಬರೆದಿಡಲಿಲ್ಲ. ಫೋನ್ ಕೆಟ್ಟಾಗ, ಸಿಮ್ ಬದಲಾದಾಗ, ಯಜಮಾನರು ತೀರಿಕೊಂಡಾಗ ಚಾನೆಲ್ಲಿಗೆ ಬೀಗ ಬೀಳುತ್ತದೆ. ವಿಡಿಯೊ ಎಲ್ಲರಿಗೂ ಕಾಣುತ್ತಲೇ ಇರುತ್ತದೆ. ಹೊಸದನ್ನು ಹಾಕಲು, ತಪ್ಪು ತಿದ್ದಲು, ಬದಲಾದ ಫೋನ್ ನಂಬರ್ ಬರೆಯಲು ಮಾತ್ರ ಮನೆಯವರಿಗೇ ಆಗುವುದಿಲ್ಲ. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಉಳಿದಿರುವ ಜಮೀನಿನ ಗತಿಯೇ ಇದಕ್ಕೂ ಆಗುತ್ತದೆ. ವ್ಯತ್ಯಾಸವೆಂದರೆ, ಜಮೀನಿಗೆ ವಂಶವೃಕ್ಷ, ಮರಣ ಪ್ರಮಾಣಪತ್ರ ಹಿಡಿದು ನಾಡಕಚೇರಿಗೆ ಹೋಗಿ ಪೌತಿ ಖಾತೆಗೆ ಅರ್ಜಿ ಕೊಡಬಹುದು. ಇದಕ್ಕೆ ನಾಡಕಚೇರಿಯೂ ಇಲ್ಲ, ತಹಸೀಲ್ದಾರರೂ ಇಲ್ಲ.

ಈ ತೊಡಕು ನಮ್ಮ ಹಳ್ಳಿಗಳಿಗೆ ಮಾತ್ರ ಬಂದದ್ದಲ್ಲ. ಹಿಂದೆ ಏನಾಯಿತೆಂದು ತಿಳಿದರೆ ಮುಂದೆ ಮಾಡಬೇಕಾದ್ದು ಸುಲಭವಾಗಿ ಅರ್ಥವಾಗುತ್ತದೆ.

ಬೀಗ ಬದಲಾದ ಕಥೆ

ಯೂಟ್ಯೂಬ್ ಆರಂಭವಾದದ್ದು 2005ರಲ್ಲಿ. ಮೊದಲ ವಿಡಿಯೊ ಹಾಕಿದ್ದು ಆ ವರ್ಷದ ಏಪ್ರಿಲ್ 23ರಂದು. ಆಗ ಖಾತೆ ತೆರೆಯಲು ಒಂದು ಹೆಸರು, ಒಂದು ಪಾಸ್‌ವರ್ಡ್, ಯಾವುದಾದರೊಂದು ಮೇಲ್ ವಿಳಾಸ ಇದ್ದರೆ ಸಾಕಾಗಿತ್ತು. 2006ರಲ್ಲಿ ಗೂಗಲ್ ಕಂಪನಿ ಇದನ್ನು 165 ಕೋಟಿ ಡಾಲರಿಗೆ ಕೊಂಡಿತು. ಮನೆ ಮಾರಾಟವಾದ ಮೇಲೆ ಹೊಸ ಯಜಮಾನ ಬೀಗ ಬದಲಾಯಿಸುವುದು ವಾಡಿಕೆ. ಇಲ್ಲಿ ಅದು ನಿಧಾನವಾಗಿ ನಡೆಯಿತು. 2009ರ ಮೇ ತಿಂಗಳಿನಿಂದ ಹೊಸದಾಗಿ ಸೇರುವವರಿಗೆ ಗೂಗಲ್ ಖಾತೆ ಕಡ್ಡಾಯವಾಯಿತು. ಹಳೆಯ ಹೆಸರು, ಹಳೆಯ ಪಾಸ್‌ವರ್ಡ್ ಇಟ್ಟುಕೊಂಡಿದ್ದವರು ಅದನ್ನು ಗೂಗಲ್ ಖಾತೆಗೆ ಜೋಡಿಸಲೇಬೇಕೆಂದು 2011ರಲ್ಲಿ ನಿಯಮ ಬಂದಿತು.

ಜೋಡಿಸಿದವರು ಉಳಿದರು. ಜೋಡಿಸದೆ ಬಿಟ್ಟವರ ಚಾನೆಲ್‌ಗಳು ಒಡೆಯನಿಲ್ಲದ ಮನೆಗಳಂತೆ ನಿಂತವು. ಅಂಥವರಿಗಾಗಿ ಒಂದು ಕಿರುಬಾಗಿಲನ್ನು ಕಂಪನಿ ಹಲವು ವರ್ಷ ತೆರೆದಿಟ್ಟಿತ್ತು. ಹಳೆಯ ಹೆಸರು, ಪಾಸ್‌ವರ್ಡ್ ನೆನಪಿದ್ದರೆ ಅಲ್ಲಿ ಬರೆದು ಚಾನೆಲ್ಲನ್ನು ತಮ್ಮದಾಗಿಸಿಕೊಳ್ಳಬಹುದಿತ್ತು. 2023ರ ಜೂನ್ 1ರಿಂದ ಆ ಬಾಗಿಲೂ ಮುಚ್ಚಿತು. 2009ಕ್ಕೆ ಮುಂಚೆ ತೆರೆದು ಇಂದಿಗೂ ಜೋಡಿಸದೆ ಉಳಿದ ಖಾತೆ ನಿಮ್ಮ ಮನೆಯಲ್ಲಿ ಯಾರದಾದರೂ ಇದ್ದರೆ ಅದರ ಆಸೆ ಬಿಡುವುದೇ ಸರಿ. ಹಣ ಕೊಟ್ಟರೆ ತೆರೆಸಿಕೊಡುತ್ತೇವೆ ಎನ್ನುವವರನ್ನು ನಂಬಬೇಡಿ.

ನಡುವೆ ಇನ್ನೂ ಕೆಲವು ಬದಲಾವಣೆಗಳಾದವು. 2013ರಲ್ಲಿ ಗೂಗಲ್ ಪ್ಲಸ್ ಎಂಬ ಇನ್ನೊಂದು ವ್ಯವಸ್ಥೆಯನ್ನು ಯೂಟ್ಯೂಬಿಗೆ ತಗುಲಿಸಿದರು. ಜನ ಒಪ್ಪಲಿಲ್ಲ, 2019ರ ಏಪ್ರಿಲಿನಲ್ಲಿ ಅದನ್ನೇ ಮುಚ್ಚಿದರು. ಆ ಕಾಲದಲ್ಲಿ ಹುಟ್ಟಿದ ಒಂದು ಬಗೆಯ ಜಂಟಿ ಖಾತೆ ಮಾತ್ರ ‘ಬ್ರ್ಯಾಂಡ್ ಅಕೌಂಟ್’ ಎಂಬ ಹೆಸರಿನಲ್ಲಿ ಉಳಿದುಕೊಂಡಿತು. ಇದು ನಮಗೆ ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ, ನೆನಪಿಡಿ. 2021ರ ಜುಲೈನಲ್ಲಿ ಮತ್ತೊಂದು ಬದಲಾವಣೆ. 2017ಕ್ಕೆ ಮುಂಚೆ ‘ಅನ್‌ಲಿಸ್ಟೆಡ್’ ಎಂದು ಹಾಕಿದ್ದ, ಅಂದರೆ ಕೊಂಡಿ ಇದ್ದವರಿಗಷ್ಟೇ ಕಾಣುತ್ತಿದ್ದ ವಿಡಿಯೊಗಳು ‘ಪ್ರೈವೇಟ್’ ಆದವು. ಮಗಳ ಮದುವೆಯ ವಿಡಿಯೊ ಹಾಕಿ ದೂರದ ನೆಂಟರಿಗೆ ಕೊಂಡಿ ಕಳಿಸಿದ್ದವರು, ಈಗ ಅದು ಏಕೆ ತೆರೆಯುತ್ತಿಲ್ಲ ಎಂದು ಕೇಳುವುದುಂಟು. ಕಾರಣ ಇದೇ. ವಿಡಿಯೊ ಹೋಗಿಲ್ಲ, ಖಾತೆಯ ಒಡೆಯರು ಒಳಗೆ ಹೋಗಿ ಮತ್ತೆ ತೆರೆದಿಡಬೇಕು.

ಎರಡು ವರ್ಷದ ನಿಯಮ

2023ರ ಮೇನಲ್ಲಿ ಗೂಗಲ್ ಒಂದು ನಿಯಮ ಪ್ರಕಟಿಸಿತು. ಎರಡು ವರ್ಷ ಯಾರೂ ಬಳಸದ ವೈಯಕ್ತಿಕ ಖಾತೆಯನ್ನು ಅದರಲ್ಲಿರುವ ಮೇಲ್, ಫೋಟೊ ಎಲ್ಲದರ ಸಮೇತ ಅಳಿಸಬಹುದು ಎಂಬುದೇ ಆ ನಿಯಮ. ಆ ವರ್ಷದ ಡಿಸೆಂಬರಿನಿಂದ ಜಾರಿಗೆ ಬಂದಿತು. ಯೂಟ್ಯೂಬ್ ವಿಡಿಯೊ ಇರುವ ಖಾತೆಗಳನ್ನು ಸದ್ಯಕ್ಕೆ ಅಳಿಸುವ ಯೋಚನೆಯಿಲ್ಲ ಎಂದು ಕಂಪನಿ ಆಗ ಹೇಳಿತ್ತು. ‘ಸದ್ಯಕ್ಕೆ’ ಎಂಬ ಮಾತಿನ ಮೇಲೆ ಭಾರ ಹಾಕಿ ಕೂರುವುದು ಜಾಣತನವಲ್ಲ. ಮನೆಯ ಹಳೆಯ ಖಾತೆಗಳನ್ನೆಲ್ಲ ಆರು ತಿಂಗಳಿಗೊಮ್ಮೆಯಾದರೂ ತೆರೆದು, ಒಂದು ವಿಡಿಯೊ ನೋಡಿ, ಒಂದು ಮೇಲ್ ಓದಿ ಮುಚ್ಚಿ. ಬಿತ್ತನೆ ಬೀಜವನ್ನು ಆಗಾಗ ಬಿಸಿಲಿಗೆ ಹಾಕುವಂತೆ ಇದೂ ಒಂದು ಅಭ್ಯಾಸವಾಗಲಿ.

ನಂಬರ್ ಹೋದರೆ ಬಾಗಿಲು ಹೋದಂತೆ

ನಮ್ಮ ಕಡೆ ಖಾತೆ ಕಳೆದುಕೊಳ್ಳುವವರಲ್ಲಿ ಹೆಚ್ಚಿನವರು ಪಾಸ್‌ವರ್ಡ್ ಮರೆತವರಲ್ಲ, ಸಿಮ್ ಕಳೆದುಕೊಂಡವರು ಎಂಬುದು ನನ್ನ ಅಭಿಪ್ರಾಯ. ಪಾಸ್‌ವರ್ಡ್ ಮರೆತರೆ ಫೋನಿಗೆ ಒಟಿಪಿ ಬರುತ್ತದೆ, ಹೊಸ ಪಾಸ್‌ವರ್ಡ್ ಇಟ್ಟುಕೊಳ್ಳಬಹುದು. ಆ ಫೋನ್ ನಂಬರೇ ಇಲ್ಲದಿದ್ದರೆ?

2017ರ ಡಿಸೆಂಬರಿನಲ್ಲಿ ರಿಲಯನ್ಸ್ ಕಮ್ಯುನಿಕೇಷನ್ಸ್ ಮೊಬೈಲ್ ಸೇವೆ ನಿಲ್ಲಿಸಿತು. 2018ರಲ್ಲಿ ಏರ್‌ಸೆಲ್ ಮುಳುಗಿತು. ನಂಬರನ್ನು ಬೇರೆ ಕಂಪನಿಗೆ ಬದಲಾಯಿಸಿಕೊಳ್ಳದವರು ಅದನ್ನು ಕಳೆದುಕೊಂಡರು. ಆಮೇಲೆ ರೀಚಾರ್ಜ್ ದರ ಏರಿದಂತೆ ಎರಡನೆಯ ಸಿಮ್ಮನ್ನು ಸುಮ್ಮನೆ ಬಿಟ್ಟವರೂ ಇದ್ದಾರೆ. ಹಾಗೆ ನಿಂತುಹೋದ ನಂಬರನ್ನು 90 ದಿನಗಳ ತನಕ ಬೇರೆಯವರಿಗೆ ಕೊಡುವುದಿಲ್ಲ ಎಂದು ಟ್ರಾಯ್ ಸಂಸ್ಥೆ 2023ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿದೆ. ಅಂದರೆ 90 ದಿನ ಕಳೆದ ಮೇಲೆ ಕೊಡಬಹುದು. ಆಗ ನಿಮ್ಮ ಖಾತೆಯ ಒಟಿಪಿ ಯಾವುದೋ ಊರಿನ, ಯಾರದೋ ಜೇಬಿನಲ್ಲಿರುವ ಫೋನಿಗೆ ಹೋಗುತ್ತದೆ. ಇದು ಚಾನೆಲ್ಲಿಗಷ್ಟೇ ಅಲ್ಲ, ಬ್ಯಾಂಕಿಗೂ ಅನ್ವಯಿಸುವ ಮಾತು.

ಆದ್ದರಿಂದ ಹಳೆಯ ಸಿಮ್ ಬಿಡುವ ಮುನ್ನ, ಅದು ಇನ್ನೂ ಜೀವಂತವಾಗಿರುವಾಗಲೇ, ಗೂಗಲ್ ಖಾತೆಯ ‘ಸೆಕ್ಯೂರಿಟಿ’ ವಿಭಾಗ ತೆರೆದು ‘ರಿಕವರಿ ಫೋನ್’ ಎಂಬಲ್ಲಿ ಹೊಸ ನಂಬರ್ ಹಾಕಿ. ‘ರಿಕವರಿ ಇಮೇಲ್’ ಎಂಬಲ್ಲಿ ಮನೆಯ ಇನ್ನೊಬ್ಬರ ಮೇಲ್ ವಿಳಾಸ ಇರಲಿ. ಮನೆಯ ಹಿರಿಯರು ತೀರಿಕೊಂಡರೆ ಅವರ ಸಿಮ್ಮನ್ನು ತಕ್ಷಣ ಎಸೆಯಬೇಡಿ. ಮರಣ ಪ್ರಮಾಣಪತ್ರದೊಂದಿಗೆ ಮೊಬೈಲ್ ಕಂಪನಿಯ ಕಚೇರಿಗೆ ಹೋಗಿ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳುವ ಬಗ್ಗೆ ವಿಚಾರಿಸಿ.

ಎರಡು ಹಂತದ ಪರಿಶೀಲನೆ ಎಂಬ ವ್ಯವಸ್ಥೆಯೊಂದಿದೆ. ಪಾಸ್‌ವರ್ಡ್ ಹಾಕಿದ ಮೇಲೂ ಫೋನಿನಲ್ಲಿ ಇನ್ನೊಮ್ಮೆ ಒಪ್ಪಿಗೆ ಕೇಳುತ್ತದೆ. ಚಾನೆಲ್ಲಿನಿಂದ ಹಣ ಪಡೆಯುವವರಿಗೆ 2021ರ ನವೆಂಬರ್ 1ರಿಂದ ಇದು ಕಡ್ಡಾಯ. ಹಣ ಬಾರದವರೂ ಹಾಕಿಕೊಳ್ಳುವುದು ಒಳ್ಳೆಯದು. ಹಾಕಿಕೊಳ್ಳುವಾಗ ‘ಬ್ಯಾಕಪ್ ಕೋಡ್’ ಎಂಬಲ್ಲಿ ಎಂಟೆಂಟು ಅಂಕಿಗಳ ಹತ್ತು ಸಂಖ್ಯೆಗಳು ಸಿಗುತ್ತವೆ. ಒಂದೊಂದನ್ನು ಒಮ್ಮೆ ಮಾತ್ರ ಬಳಸಬಹುದು. ಫೋನ್ ಬಾವಿಗೆ ಬಿದ್ದರೂ ಈ ಸಂಖ್ಯೆಗಳಿಂದ ಒಳಗೆ ಹೋಗಬಹುದು. ಅವನ್ನು ಕಾಗದದ ಮೇಲೆ ಬರೆದು ಪಹಣಿ, ಸಾಲದ ಪತ್ರಗಳಿರುವ ಟ್ರಂಕಿನಲ್ಲೇ ಇಡಿ. ಫೋನಿನಲ್ಲೇ ಫೋಟೊ ತೆಗೆದಿಡುವುದು ಬೀಗದ ಕೈಯನ್ನು ಬೀಗಕ್ಕೇ ನೇತುಹಾಕಿದ ಹಾಗೆ.

ಬೀಗ ಈಗಾಗಲೇ ಬಿದ್ದಿದ್ದರೆ

ಮೊದಲು ಹಳೆಯ ಫೋನನ್ನು ಹುಡುಕಿ. ಪರದೆ ಒಡೆದು ಅಟ್ಟದ ಮೇಲೆ ಬಿದ್ದಿರಬಹುದು, ಮಕ್ಕಳು ಆಟಕ್ಕೆ ಇಟ್ಟುಕೊಂಡಿರಬಹುದು. ಅದರಲ್ಲಿ ಖಾತೆ ಇನ್ನೂ ತೆರೆದೇ ಇರುವ ಸಂಭವ ಉಂಟು. ತೆರೆದಿದ್ದರೆ ಪುಣ್ಯ, ಫೋನನ್ನು ಅಳಿಸಿ ಹೊಸದು ಮಾಡಲು ಅಂಗಡಿಗೆ ಕೊಡುವ ಮುನ್ನ ರಿಕವರಿ ನಂಬರ್ ಬದಲಾಯಿಸಿಕೊಳ್ಳಿ.

ತೆರೆದಿಲ್ಲದಿದ್ದರೆ ‘ಅಕೌಂಟ್ ರಿಕವರಿ’ ಎಂಬ ಪುಟದಲ್ಲಿ ಪ್ರಯತ್ನಿಸಬೇಕು. ಇಲ್ಲಿ ಒಂದು ಗುಟ್ಟಿದೆ. ಹಿಂದೆ ಯಾವ ಫೋನಿನಲ್ಲಿ, ಯಾವ ಜಾಗದಲ್ಲಿ ಖಾತೆ ಬಳಸುತ್ತಿದ್ದರೋ ಅದೇ ಫೋನಿನಲ್ಲಿ, ಅದೇ ಜಾಗದಲ್ಲಿ ಕುಳಿತು ಮಾಡಿದರೆ ಒಡೆಯನನ್ನು ಗುರುತಿಸುವುದು ಆ ಯಂತ್ರಕ್ಕೆ ಸುಲಭ. ಇದನ್ನು ಕಂಪನಿಯೇ ಹೇಳಿದೆ. ಪೇಟೆಯ ಸೈಬರ್ ಅಂಗಡಿಯಲ್ಲಿ ಗಂಟೆಗಟ್ಟಲೆ ಒದ್ದಾಡುವುದಕ್ಕಿಂತ ಮನೆಯ ಜಗಲಿಯಲ್ಲಿ ಕುಳಿತು ಹಳೆಯ ಫೋನಿನಲ್ಲಿ ಮಾಡುವುದೇ ಮೇಲು. ಕೇಳಿದ ಪ್ರಶ್ನೆಗಳನ್ನು ಬಿಟ್ಟುಹೋಗದೆ, ನೆನಪಿದ್ದಷ್ಟನ್ನು ಬರೆಯಿರಿ. ಹಳೆಯ ಪಾಸ್‌ವರ್ಡ್ ನೆನಪಿದ್ದರೆ ಅದನ್ನೂ ಹಾಕಿ. ಅಂಗಡಿಯ ಹುಡುಗ ತನ್ನ ನಂಬರನ್ನೇ ಹಾಕಿದ್ದರೆ ಅವನನ್ನು ಹುಡುಕಿಕೊಂಡು ಹೋಗಬೇಕಾದೀತು. ಮದುವೆಯಾಗಿ ಬೆಂಗಳೂರು ಸೇರಿದ್ದರೂ ನಂಬರ್ ಅದೇ ಇರಬಹುದು. ನಾಚಿಕೊಳ್ಳದೆ ಕೇಳಿ.

ಯಾರೋ ಕಳ್ಳರು ಒಳನುಗ್ಗಿ ರಿಕವರಿ ನಂಬರನ್ನೇ ಬದಲಾಯಿಸಿದ್ದರೆ ತಡ ಮಾಡಬೇಡಿ. ಬದಲಾವಣೆಯಾದ ಮೇಲೂ ಏಳು ದಿನಗಳವರೆಗೆ ಹಳೆಯ ನಂಬರಿಗೆ ಒಟಿಪಿ ಕಳಿಸುವ ಅವಕಾಶವನ್ನು ಗೂಗಲ್ ಕೊಡಬಹುದು. ಎಂಟನೆಯ ದಿನ ಆ ಅವಕಾಶ ಇರುವುದಿಲ್ಲ.

ಖಾತೆ ವರ್ಗಾವಣೆ

ಈಗ ಮುಖ್ಯ ವಿಷಯ. ಯಜಮಾನರು ಗಟ್ಟಿಯಾಗಿರುವಾಗ, ಫೋನ್ ಕೈಯಲ್ಲಿರುವಾಗ ಮಾಡಬೇಕಾದ ಕೆಲಸವಿದು. ಇದಕ್ಕೆ ಎರಡು ದಾರಿಗಳಿವೆ. ಎರಡನ್ನೂ ಒಂದೇ ಎಂದು ತಿಳಿದು ಕೆಡಿಸಿಕೊಂಡವರುಂಟು.

ಮೊದಲನೆಯದು ಆಳುಗಳಿಗೆ ಕೆಲಸ ಒಪ್ಪಿಸುವ ದಾರಿ. ಕಂಪ್ಯೂಟರಿನಲ್ಲಿ ಯೂಟ್ಯೂಬ್ ಸ್ಟುಡಿಯೊ ತೆರೆದು, ‘ಸೆಟ್ಟಿಂಗ್ಸ್’ ಒಳಗೆ ‘ಪರ್ಮಿಷನ್ಸ್’ ಎಂಬಲ್ಲಿ ಮಗನ ಅಥವಾ ಮಗಳ ಮೇಲ್ ವಿಳಾಸ ಬರೆದು ಆಹ್ವಾನ ಕಳಿಸುವುದು. ‘ಮ್ಯಾನೇಜರ್’, ‘ಎಡಿಟರ್’, ‘ವ್ಯೂವರ್’ ಎಂದು ಬೇರೆ ಬೇರೆ ಅಧಿಕಾರಗಳಿವೆ. ಮ್ಯಾನೇಜರ್ ಆದವರು ವಿಡಿಯೊ ಹಾಕಬಹುದು, ತಿದ್ದಬಹುದು, ಇತರರನ್ನು ಸೇರಿಸಬಹುದು. ಚಾನೆಲ್ಲನ್ನೇ ಅಳಿಸಲು ಅವರಿಗೆ ಅಧಿಕಾರವಿಲ್ಲ. ಎಲ್ಲರೂ ತಮ್ಮ ತಮ್ಮ ಖಾತೆಯಿಂದಲೇ ಒಳಬರುವುದರಿಂದ ಪಾಸ್‌ವರ್ಡನ್ನು ಹತ್ತು ಜನರಿಗೆ ಹೇಳುವ ಗೋಜಿಲ್ಲ. ಪೂಜಾ ಕುಣಿತದ ಮೇಳ, ಯುವಕ ಸಂಘ, ಸ್ತ್ರೀಶಕ್ತಿ ಗುಂಪು ಇವರಿಗೆ ಇದು ತಕ್ಕ ಏರ್ಪಾಡು. ಒಬ್ಬರು ಗುಂಪು ಬಿಟ್ಟರೆ ಅವರ ಹೆಸರು ತೆಗೆದರಾಯಿತು. ಆದರೆ ಈ ದಾರಿಯಲ್ಲಿ ಒಡೆತನ ವರ್ಗವಾಗುವುದಿಲ್ಲ. ಗುತ್ತಿಗೆಗೆ ಕೊಟ್ಟ ಜಮೀನಿನಂತೆ, ಉಳುವವರು ಬೇರೆ, ಪಹಣಿ ಬೇರೆ.

ಒಡೆತನವನ್ನೇ ವರ್ಗಾಯಿಸಬೇಕಾದರೆ ಚಾನೆಲ್ ‘ಬ್ರ್ಯಾಂಡ್ ಅಕೌಂಟ್’ನಲ್ಲಿ ಇರಬೇಕು. ಇದೆಯೋ ಇಲ್ಲವೋ ನೋಡಲು ಯೂಟ್ಯೂಬಿನ ‘ಸೆಟ್ಟಿಂಗ್ಸ್’, ಅದರಲ್ಲಿ ‘ಅಕೌಂಟ್’ ತೆರೆಯಿರಿ. ಮ್ಯಾನೇಜರ್‌ಗಳನ್ನು ಸೇರಿಸುವ ಅಥವಾ ತೆಗೆಯುವ ಸಾಲೊಂದು ಅಲ್ಲಿ ಕಂಡರೆ ಅದು ಬ್ರ್ಯಾಂಡ್ ಅಕೌಂಟ್. ಆ ಸಾಲನ್ನು ಒತ್ತಿ, ವರ್ಗಾಯಿಸಬೇಕಾದವರ ಮೇಲ್ ವಿಳಾಸ ಬರೆದು, ‘ಓನರ್’ ಎಂದು ಆರಿಸಿ ಆಹ್ವಾನ ಕಳಿಸಿ. ಅವರು ತಮ್ಮ ಮೇಲ್ ತೆರೆದು ಒಪ್ಪಿಕೊಳ್ಳಬೇಕು. ಅಲ್ಲಿಗೆ ಅವರು ಒಬ್ಬ ಒಡೆಯರಾದರು, ಮುಖ್ಯ ಒಡೆಯರಾಗಲಿಲ್ಲ. ಏಳು ದಿನ ಕಳೆದ ಮೇಲೆ ಮತ್ತೆ ಅಲ್ಲಿಗೇ ಹೋಗಿ ಅವರ ಹೆಸರಿನ ಮುಂದೆ ‘ಪ್ರೈಮರಿ ಓನರ್’ ಎಂದು ಬದಲಾಯಿಸಬೇಕು. ಈ ಏಳು ದಿನ ಏಕೆ ಎಂದು ಬೇಸರ ಬೇಡ. ಕಳ್ಳನೊಬ್ಬ ರಾತ್ರೋರಾತ್ರಿ ಖಾತೆಯನ್ನು ತನ್ನ ಹೆಸರಿಗೆ ಮಾಡಿಕೊಳ್ಳದಂತೆ ಇದೊಂದು ತಡೆ. ಜಮೀನಿನ ಮ್ಯುಟೇಶನ್‌ಗೂ ತಕರಾರು ಸಲ್ಲಿಸಲು ಅವಧಿ ಇದೆಯಷ್ಟೆ. ಹಿಂದೆ ಸ್ಟುಡಿಯೊದ ‘ಪರ್ಮಿಷನ್ಸ್’ ವ್ಯವಸ್ಥೆಯನ್ನು ಹಿಡಿದಿದ್ದರೆ, ಈ ವರ್ಗಾವಣೆಗೆ ಮೊದಲು ಅದರಿಂದ ಹೊರಬರಬೇಕಾಗುತ್ತದೆ. ಅದಕ್ಕೂ ಅಲ್ಲೇ ಒಂದು ಗುಂಡಿ ಇದೆ.

ಚಾನೆಲ್ ಸಾಮಾನ್ಯ ವೈಯಕ್ತಿಕ ಖಾತೆಯಲ್ಲೇ ಇದ್ದರೆ ಮೊದಲು ಅದನ್ನು ಬ್ರ್ಯಾಂಡ್ ಅಕೌಂಟಿಗೆ ಸಾಗಿಸಬೇಕು. ಅದೇ ಸೆಟ್ಟಿಂಗ್ಸ್‌ನಲ್ಲಿ ಹೊಸದೊಂದು ಖಾಲಿ ಚಾನೆಲ್ ತೆರೆದರೆ ಅದರೊಂದಿಗೆ ಒಂದು ಬ್ರ್ಯಾಂಡ್ ಅಕೌಂಟ್ ಹುಟ್ಟುತ್ತದೆ. ಆಮೇಲೆ ಹಳೆಯ ಚಾನೆಲ್ಲಿಗೆ ಮರಳಿ, ‘ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್’ ಒಳಗೆ ಚಾನೆಲ್ ಸಾಗಿಸುವ ಸಾಲನ್ನು ಒತ್ತಬೇಕು.

ಇಲ್ಲಿ ಬಹಳ ಎಚ್ಚರ ಬೇಕು. ಯಾವ ಬ್ರ್ಯಾಂಡ್ ಅಕೌಂಟಿಗೆ ಸಾಗಿಸುತ್ತೀರೋ ಅಲ್ಲಿ ಮೊದಲೇ ಇದ್ದ ಚಾನೆಲ್ ಅಳಿಸಿಹೋಗುತ್ತದೆ. ಅದು ಖಾಲಿ ಚಾನೆಲ್ ಆಗಿದ್ದರೆ ನಷ್ಟವಿಲ್ಲ. ಅಪ್ಪನ ಚಾನೆಲ್ಲನ್ನು ಮಗನ ವಿಡಿಯೊಗಳಿರುವ ಚಾನೆಲ್ಲಿನ ಮೇಲೆ ಸಾಗಿಸಿದರೆ ಮಗನದು ಶಾಶ್ವತವಾಗಿ ಹೋಯಿತು. ಎರಡು ಚಾನೆಲ್‌ಗಳನ್ನು ಒಂದುಗೂಡಿಸಲು ಬರುವುದಿಲ್ಲ, ವಿಡಿಯೊಗಳನ್ನು ಒಂದರಿಂದ ಇನ್ನೊಂದಕ್ಕೆ ಕಳಿಸಲೂ ಬರುವುದಿಲ್ಲ. ಗುಂಡಿ ಒತ್ತುವ ಮುನ್ನ ಪರದೆಯ ಮೇಲೆ ಬರುವ ಎಚ್ಚರಿಕೆಯನ್ನು ಇಬ್ಬರು ಕುಳಿತು ಎರಡು ಸಲ ಓದಿ. ಎಲ್ಲಕ್ಕಿಂತ ಮೊದಲು ಪ್ರತಿ ತೆಗೆದಿಟ್ಟುಕೊಳ್ಳಿ.

ಪ್ರತಿ ತೆಗೆದಿಡುವುದು

‘ಗೂಗಲ್ ಟೇಕ್‌ಔಟ್’ ಎಂಬ ಪುಟದಲ್ಲಿ ಯೂಟ್ಯೂಬನ್ನು ಮಾತ್ರ ಆರಿಸಿ ಕೇಳಿಕೊಂಡರೆ, ನೀವು ಹಾಕಿದ ವಿಡಿಯೊಗಳನ್ನೆಲ್ಲ ಗಂಟು ಕಟ್ಟಿ ಮೇಲ್‌ಗೆ ಕೊಂಡಿ ಕಳಿಸುತ್ತಾರೆ. ಇದಕ್ಕೆ ಕೆಲವು ಗಂಟೆ ಅಥವಾ ಕೆಲವು ದಿನ ಹಿಡಿಯಬಹುದು. ಕೊಂಡಿ ಬಂದ ಮೇಲೆ ಸುಮಾರು ಒಂದು ವಾರದೊಳಗೆ ಇಳಿಸಿಕೊಳ್ಳಬೇಕು, ಆಮೇಲೆ ಅದು ಕೆಲಸ ಮಾಡುವುದಿಲ್ಲ. ಹಳ್ಳಿಯ ಸಿಗ್ನಲ್ಲಿನಲ್ಲಿ ದೊಡ್ಡ ಗಂಟು ಇಳಿಯುವುದು ಕಷ್ಟ. ಗಾತ್ರವನ್ನು ಎರಡೆರಡು ಜಿಬಿ ತುಂಡುಗಳಾಗಿ ಕೇಳಿಕೊಳ್ಳಿ. ಇಳಿದದ್ದನ್ನು ಎರಡು ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕಿಗೆ ಹಾಕಿ, ಒಂದು ನಿಮ್ಮ ಮನೆಯಲ್ಲಿ, ಇನ್ನೊಂದು ನೆಂಟರ ಮನೆಯಲ್ಲಿ ಇರಲಿ.

ರಾಮನಗರದ ಬಳಿ ಬೆಂಗಳೂರು–ಮೈಸೂರು ಹೆದ್ದಾರಿಯ ಪಕ್ಕದ ಜಾನಪದ ಲೋಕವನ್ನು ನೀವು ನೋಡಿರಬಹುದು. ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿ, 1994ರಲ್ಲಿ ಜಾನಪದ ಲೋಕವನ್ನು ಸ್ಥಾಪಿಸಿದರು. ಹಳ್ಳಿಹಳ್ಳಿಯ ಹಾಡು, ಕಥೆ, ಕುಣಿತಗಳನ್ನು ಧ್ವನಿಸುರುಳಿಗಳಲ್ಲಿ, ವಿಡಿಯೊ ಸುರುಳಿಗಳಲ್ಲಿ ಹಿಡಿದಿಟ್ಟರು. 2005ರಲ್ಲಿ ಅವರು ತೀರಿಕೊಂಡರು. ಯೂಟ್ಯೂಬ್ ಹುಟ್ಟಿದ ವರ್ಷವೂ ಅದೇ. ಅವರು ಹೋದ ಮೇಲೂ ಸಂಗ್ರಹಕ್ಕೆ ವಾರಸುದಾರಿಕೆಯ ಪ್ರಶ್ನೆ ಏಳಲಿಲ್ಲ, ಏಕೆಂದರೆ ಅದು ಮೊದಲಿನಿಂದಲೂ ಸಂಸ್ಥೆಯ ಸೊತ್ತು. ನಿಮ್ಮೂರಿನ ಮೇಳದವರು ಈಗ ಹಾಡುತ್ತಿರುವುದು ಒಬ್ಬ ಹುಡುಗನ ಮೇಲ್ ವಿಳಾಸದಲ್ಲಿ ಇದ್ದರೆ, ಆ ಹುಡುಗ ದುಬೈಗೆ ಹೋದರೆ ಅಥವಾ ಮೇಳದ ಮೇಲೆ ಮುನಿಸಿಕೊಂಡರೆ ಏನಾಗುತ್ತದೆ ಎಂದು ಒಮ್ಮೆ ಕುಳಿತು ಮಾತಾಡಿಕೊಳ್ಳಿ. ಕನಿಷ್ಠ ಇಬ್ಬರಾದರೂ ಒಡೆಯರಿರಬೇಕು. ಯಾರ ಕೈಯಲ್ಲಿದೆ ಎಂಬುದನ್ನು ಸಂಘದ ನಡಾವಳಿ ಪುಸ್ತಕದಲ್ಲಿ ಬರೆದು ರುಜು ಹಾಕಿಸಿ.

ಯಜಮಾನರು ತೀರಿಕೊಂಡಿದ್ದರೆ

ಗೂಗಲ್ ಖಾತೆಯಲ್ಲಿ ‘ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್’ ಎಂಬ ಏರ್ಪಾಡು 2013ರಿಂದಲೂ ಇದೆ. ತಿಳಿದವರು ಕಡಿಮೆ. ಮೂರು, ಆರು, ಹನ್ನೆರಡು ಅಥವಾ ಹದಿನೆಂಟು ತಿಂಗಳು ಖಾತೆ ಬಳಕೆಯಾಗದಿದ್ದರೆ ಯಾರಿಗೆ ತಿಳಿಸಬೇಕು, ಯಾವುದನ್ನು ಕೊಡಬೇಕು ಎಂದು ಬದುಕಿರುವಾಗಲೇ ಬರೆದಿಡಬಹುದು. ಹತ್ತು ಜನರವರೆಗೆ ಹೆಸರಿಸಬಹುದು. ಹೆಸರಿಸಿದವರಿಗೆ ವಿಡಿಯೊ, ಫೋಟೊಗಳ ಪ್ರತಿ ಸಿಗುತ್ತದೆ. ಅದರಿಂದ ಖಾತೆಯ ಒಡೆತನ ಬರುವುದಿಲ್ಲ, ಚಾನೆಲ್ ಮುಂದುವರಿಸಲೂ ಆಗುವುದಿಲ್ಲ. ಇದು ಉಯಿಲಿನ ಅರ್ಧ ಭಾಗವಷ್ಟೇ. ಇನ್ನರ್ಧಕ್ಕೆ ಮೇಲೆ ಹೇಳಿದ ಬ್ರ್ಯಾಂಡ್ ಅಕೌಂಟಿನ ದಾರಿಯೇ ಬೇಕು.

ಏನನ್ನೂ ಬರೆದಿಡದೆ ತೀರಿಕೊಂಡಿದ್ದರೆ, ಹತ್ತಿರದ ರಕ್ತಸಂಬಂಧಿಗಳು ಮರಣ ಪ್ರಮಾಣಪತ್ರ ಮುಂತಾದ ದಾಖಲೆಗಳೊಂದಿಗೆ ಗೂಗಲ್ಲಿಗೆ ಮನವಿ ಸಲ್ಲಿಸುವ ಅರ್ಜಿಯೊಂದಿದೆ. ಖಾತೆ ಮುಚ್ಚಿಸಲು ಕೇಳಬಹುದು. ಕೆಲವು ಸಂದರ್ಭಗಳಲ್ಲಿ ಒಳಗಿರುವುದನ್ನು ಕೊಡುವುದೂ ಉಂಟು. ಪಾಸ್‌ವರ್ಡನ್ನು ಮಾತ್ರ ಯಾವ ಕಾರಣಕ್ಕೂ ಕೊಡುವುದಿಲ್ಲ. ನಮ್ಮ ದೇಶದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ತಾನು ಸತ್ತ ಮೇಲೆ ತನ್ನ ಹಕ್ಕುಗಳನ್ನು ಚಲಾಯಿಸಲು ಒಬ್ಬರನ್ನು ನಾಮಕರಣ ಮಾಡುವ ಅವಕಾಶ ಇಟ್ಟಿದ್ದಾರೆ. ಬ್ಯಾಂಕಿನಲ್ಲಿ ನಾಮಿನಿ ಬರೆಸುವಂತೆ ಇದೂ ಬಳಕೆಗೆ ಬರಬೇಕು. ಬರುವ ತನಕ ಕಾಯುತ್ತಾ ಕೂರದೆ ನಿಮ್ಮ ಏರ್ಪಾಡು ನೀವು ಮಾಡಿಕೊಳ್ಳಿ.

ಹಣದ ಲೆಕ್ಕ

ಚಾನೆಲ್ಲಿನಿಂದ ಹಣ ಬರುತ್ತಿದ್ದರೆ ಇನ್ನೊಂದು ತೊಡಕಿದೆ. ಹಣ ಬರುವುದು ‘ಆಡ್‌ಸೆನ್ಸ್’ ಎಂಬ ಬೇರೆ ಖಾತೆಯ ಮೂಲಕ. ಚಾನೆಲ್ ಮಗನಿಗೆ ವರ್ಗವಾದರೂ ಆಡ್‌ಸೆನ್ಸ್ ಅಪ್ಪನ ಹೆಸರಿನಲ್ಲೇ ಇದ್ದರೆ ಹಣ ಅಪ್ಪನ ಬ್ಯಾಂಕಿಗೇ ಹೋಗುತ್ತದೆ. ಆಡ್‌ಸೆನ್ಸ್ ಖಾತೆಯನ್ನು ಒಬ್ಬರಿಂದ ಇನ್ನೊಬ್ಬರಿಗೆ ವರ್ಗಾಯಿಸಲು ಬರುವುದಿಲ್ಲ. ಮಗ ತನ್ನ ಹೆಸರಿನಲ್ಲಿ ಹೊಸದನ್ನು ತೆರೆದು ಚಾನೆಲ್ಲಿಗೆ ಜೋಡಿಸಬೇಕು. ಸಂಪಾದನೆ 10 ಡಾಲರ್ ಮುಟ್ಟಿದಾಗ ಆರು ಅಂಕಿಯ ಗುಪ್ತ ಸಂಖ್ಯೆಯೊಂದನ್ನು ಅಂಚೆಯಲ್ಲಿ ಮನೆಗೆ ಕಳಿಸುತ್ತಾರೆ. ಅದನ್ನು ನಮೂದಿಸಿದ ಮೇಲೆ, 100 ಡಾಲರ್ ಆದಾಗ ಹಣ ಬರುತ್ತದೆ. ಸಾದಾ ಅಂಚೆಯಾದ್ದರಿಂದ ಕಾಗದ ಬರಲು ವಾರಗಳೇ ಹಿಡಿಯುತ್ತವೆ. ವಿಳಾಸದಲ್ಲಿ ಅಂಚೆ ಕಚೇರಿಯ ಹೆಸರು, ಹೋಬಳಿ, ಪಿನ್‌ಕೋಡ್ ಸರಿಯಾಗಿ ಬರೆಯಿರಿ. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾಯಿಸಿದ್ದರಿಂದ ಕೆಲವರಿಗೆ ಗೊಂದಲವಾಗಿದೆ. ಪಿನ್‌ಕೋಡ್ ಸರಿಯಿದ್ದರೆ ಕಾಗದ ದಾರಿ ತಪ್ಪುವುದಿಲ್ಲ. ಅಂಚೆಯಣ್ಣನಿಗೂ ಒಂದು ಮಾತು ಹೇಳಿಟ್ಟಿರಿ, ಇಲ್ಲವಾದರೆ ಜಾಹೀರಾತಿನ ಕಾಗದವೆಂದು ಮೂಲೆಗೆ ಬಿದ್ದೀತು. ಆಡ್‌ಸೆನ್ಸಿನಲ್ಲಿರುವ ಹೆಸರು, ಬ್ಯಾಂಕಿನಲ್ಲಿರುವ ಹೆಸರು, ಪ್ಯಾನ್ ಕಾರ್ಡಿನಲ್ಲಿರುವ ಹೆಸರು ಮೂರೂ ಒಂದೇ ರೀತಿ ಇರಲಿ.

ಕಳ್ಳರ ಕಾಟ

ಹಳೆಯ, ಬಹಳ ಜನ ಸೇರಿರುವ ಚಾನೆಲ್ಲಿನ ಮೇಲೆ ಕಳ್ಳರಿಗೆ ಕಣ್ಣು. ಕದ್ದ ಚಾನೆಲ್ಲಿನ ಹೆಸರು, ಚಿತ್ರ ಬದಲಾಯಿಸಿ ನಕಲಿ ಹಣಹೂಡಿಕೆಯ ಜಾಹೀರಾತು ಬಿಡುವುದು ಅವರ ಕಸುಬು. ಹೆಸರು ಬದಲಾಯಿಸದೆ ಹಾಗೆಯೇ ಇಟ್ಟರೆ ಇನ್ನೂ ಕೆಟ್ಟದ್ದು. ಹತ್ತು ವರ್ಷದಿಂದ ನಿಮ್ಮ ಮಾವಿನ ಕಸಿಗಿಡ ನಂಬಿ ಕೊಳ್ಳುತ್ತಿದ್ದವರು, ನಿಮ್ಮ ವಿಡಿಯೊದ ಕೆಳಗೆ ಬರೆದಿರುವ ಬೇರೆ ನಂಬರಿಗೆ ಮುಂಗಡ ಕಳಿಸುತ್ತಾರೆ. ಗಿಡ ಬರುವುದಿಲ್ಲ, ಬೈಗುಳ ನಿಮಗೆ ಬರುತ್ತದೆ. ಖಾತೆ ಕೈ ತಪ್ಪಿದರೆ ಊರಿನ ಹೆಸರೂ ಕೆಡುತ್ತದೆ.

ನಿಮ್ಮ ಚಾನೆಲ್ ಮುಚ್ಚುತ್ತೇವೆ, ಕೂಡಲೇ ಇಲ್ಲಿ ಒತ್ತಿ ಎಂದು ಹೆದರಿಸುವ ಮೇಲ್, ನಮ್ಮ ಗೊಬ್ಬರಕ್ಕೆ ಪ್ರಚಾರ ಕೊಡಿ ಎಂದು ಕಡತ ಲಗತ್ತಿಸಿದ ಮೇಲ್, ಹಳೆಯ ಖಾತೆಯನ್ನು ಹೊಸ ವ್ಯವಸ್ಥೆಗೆ ವರ್ಗಾಯಿಸಿಕೊಡುತ್ತೇವೆ ಒಟಿಪಿ ಹೇಳಿ ಎನ್ನುವ ಫೋನ್ ಕರೆ, ಮೂರೂ ಒಂದೇ ಜಾತಿಯ ಬಲೆ. ಕಂಪನಿಯವರು ಯಾರಿಗೂ ಫೋನ್ ಮಾಡಿ ಒಟಿಪಿ ಕೇಳುವುದಿಲ್ಲ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ ದೂರು ಕೊಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಂಭವ ಹೆಚ್ಚು.

ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದೆಯೇ ಎಂದು ಗ್ರಂಥಪಾಲಕರನ್ನು ಕೇಳಿ ಅಲ್ಲಿ ಈ ಕೆಲಸ ಮಾಡಿಕೊಳ್ಳಬಹುದು. ಹೋಗುವಾಗ ಫೋನ್ ಚಾರ್ಜ್ ಇರಲಿ, ಒಟಿಪಿ ಬರುವ ಸಿಮ್ ಅದರಲ್ಲೇ ಇರಲಿ, ವರ್ಗಾಯಿಸಿಕೊಳ್ಳುವ ಮಗನೋ ಮಗಳೋ ಜೊತೆಗಿರಲಿ. ‘ಪಾಸ್‌ವರ್ಡ್ ಉಳಿಸಲೇ?’ ಎಂದು ಕಂಪ್ಯೂಟರ್ ಕೇಳಿದರೆ ಬೇಡವೆನ್ನಿ. ಕೆಲಸ ಮುಗಿದ ಮೇಲೆ ‘ಸೈನ್ ಔಟ್’ ಒತ್ತಿ. ಮನೆಗೆ ಬಂದು ನಿಮ್ಮ ಫೋನಿನಲ್ಲಿ ಗೂಗಲ್ ಖಾತೆಯ ‘ಯುವರ್ ಡಿವೈಸಸ್’ ಪಟ್ಟಿ ತೆರೆದು ನೋಡಿ. ಅರಿವು ಕೇಂದ್ರದ ಕಂಪ್ಯೂಟರ್ ಇನ್ನೂ ತೆರೆದಿದೆ ಎಂದು ತೋರಿಸುತ್ತಿದ್ದರೆ ಅಲ್ಲಿಂದಲೇ ಮುಚ್ಚಬಹುದು. ಹಾಗೆ ನೋಡುವಾಗ ನೀವು ಎಂದೋ ಮಾರಿದ ಹಳೆಯ ಫೋನಿನ ಹೆಸರೂ ಪಟ್ಟಿಯಲ್ಲಿ ಕಂಡರೆ ಅದನ್ನೂ ತೆಗೆದುಹಾಕಿ.